ರಾಜ್ಯಕ್ರಾಂತಿಯ ಘಟ್ಟಗಳು: ಫ್ರಾನ್ಸ್ ದೇಶದ ಚರಿತ್ರೆಯಿಂದ ಒಂದು ಪಾಠ

ರಾಜ್ಯಕ್ರಾಂತಿ ಎಂಬ ಶಬ್ದವು ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ತೋರುವುದು ಉರಿಯುವ ಕೋಟೆ, ಕೂಗುವ ಜನಸಮೂಹ, ಉರುಳುವ ಕಿರೀಟ ಇವುಗಳ ಚಿತ್ರವೇ. ಇದೆಲ್ಲವೂ ಸಿಡಿಲು ಬಡಿದಂತೆ ಒಂದೇ ದಿನದಲ್ಲಿ ನಡೆದುಹೋಗುವುದೆಂದು ನಾವು ಭಾವಿಸುವುದುಂಟು. ಚರಿತ್ರೆಯನ್ನು ನಿಧಾನವಾಗಿ ಓದಿದವರಿಗಾದರೋ ಬೇರೊಂದು ಸಂಗತಿಯು ಗೋಚರವಾಗುತ್ತದೆ. ಕ್ರಾಂತಿಯು ಒಂದು ದಿನದ ಕಾರ್ಯವಲ್ಲ. ಅದಕ್ಕೆ ಮೊದಲು ನಡು ಕೊನೆಗಳುಂಟು. ಒಂದು ಘಟ್ಟದಲ್ಲಿ ಬಗೆಹರಿಯದೆ ಉಳಿದ ಕಷ್ಟವೇ ಮುಂದಿನ ಘಟ್ಟಕ್ಕೆ ಕಾರಣವಾಗುತ್ತದೆ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಚರಿತ್ರೆಯ ಅಧ್ಯಾಪಕರಾಗಿದ್ದ ಕ್ರೇನ್ ಬ್ರಿಂಟನ್ ಎಂಬ ವಿದ್ವಾಂಸರು ೧೯೩೮ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಇಂಗ್ಲೆಂಡ್, ಅಮೆರಿಕ, ಫ್ರಾನ್ಸ್, ರಷ್ಯ ಈ ನಾಲ್ಕು ದೇಶಗಳ ಕ್ರಾಂತಿಗಳನ್ನು ಒಂದರ ಪಕ್ಕದಲ್ಲೊಂದನ್ನಿಟ್ಟು ಹೋಲಿಸಿ, ಕ್ರಾಂತಿಯ ಗತಿಯನ್ನು ಜ್ವರದ ಗತಿಗೆ ಉಪಮಿಸಿದರು. ಮೊದಲು ಮೈಯಲ್ಲಿ ಅಸ್ವಸ್ಥತೆ, ಬಳಿಕ ತಾಪ, ಅನಂತರ ಪ್ರಲಾಪ, ತರುವಾಯ ಇಳಿತ, ಕೊನೆಗೆ ಚೇತರಿಕೆ. ಈ ಉಪಮಾನದ ಗುಣವೂ ಮಿತಿಯೂ ಮುಂದೆ ತಿಳಿಯುವುವು. ಈಗ ನಾವು ಫ್ರಾನ್ಸ್ ದೇಶದ ಕ್ರಾಂತಿಯೊಂದನ್ನೇ ಕೈಗೆತ್ತಿಕೊಂಡು, ಅದರ ಘಟ್ಟಗಳನ್ನು ಕ್ರಮವಾಗಿ ನೋಡೋಣ. ತರಗತಿಯಲ್ಲಿ ಈ ತಾರೀಖುಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆತುಬಿಟ್ಟ ಹಳೆಯ ವಿದ್ಯಾರ್ಥಿನಿಯರಿಗೆ ಅವು ಮರಳಿ ನೆನಪಾಗಬಹುದು. ಈ ಸಲ ಮಾತ್ರ ಪ್ರತಿಯೊಂದು ಘಟ್ಟದಲ್ಲಿಯೂ ಒಂದು ಪ್ರಶ್ನೆಯನ್ನು ಕೇಳುತ್ತಾ ಹೋಗೋಣ: ಆಗ ಅಲ್ಲಿಯ ಸ್ತ್ರೀಯರು ಎಲ್ಲಿ ನಿಂತಿದ್ದರು? ಅವರಿಗೆ ದೊರೆತುದೇನು?

೧. ಬೊಕ್ಕಸವು ಬರಿದಾದುದು

ಕ್ರಿ. ಶ. ೧೭೮೮ನೆಯ ಇಸವಿಯ ಆಗಸ್ಟ್ ೧೦ರಂದು, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನು ಕಳುಹಿಸಿದ್ದ ಮೂವರು ರಾಯಭಾರಿಗಳು ವರ್ಸೇಲ್ಸ್ ಅರಮನೆಯಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ದರ್ಶನವನ್ನು ಪಡೆದರು. ಇಂಗ್ಲಿಷರ ವಿರುದ್ಧ ಸೈನ್ಯಸಹಾಯವನ್ನು ಕೇಳುವುದೇ ಅವರ ಬರವಿನ ಉದ್ದೇಶವಾಗಿತ್ತು. ಅರಮನೆಯ ವೈಭವವನ್ನು ಕಂಡವರಿಗೆ, ಈ ದೊರೆಗೆ ಅಸಾಧ್ಯವಾದುದು ಯಾವುದೂ ಇರಲಾರದೆಂದು ತೋರಿರಬೇಕು. ಅವರಿಗೆ ಮರ್ಯಾದೆಯೂ ಕಾಣಿಕೆಗಳೂ ದೊರೆತುವು. ಸೈನ್ಯವು ಮಾತ್ರ ದೊರೆಯಲಿಲ್ಲ. ಯಾಕಂದರೆ ಆ ದರ್ಶನವಾದ ಆರು ದಿನಗಳ ತರುವಾಯ, ಆಗಸ್ಟ್ ೧೬ರಂದು, ಸಾಲ ಕೊಟ್ಟವರಿಗೆ ಸಲ್ಲತಕ್ಕ ಹಣವನ್ನು ನಗದಾಗಿ ಪೂರ್ತಿ ಸಲ್ಲಿಸಲಾರೆವೆಂದು ಫ್ರಾನ್ಸಿನ ಸರಕಾರವು ಸಾರಬೇಕಾಯಿತು. ಹೊರಗೆ ಹೊನ್ನಿನ ಮೆರುಗು, ಒಳಗೆ ಬರಿದಾದ ಪೆಟ್ಟಿಗೆ: ಇದೇ ಕ್ರಾಂತಿಯ ಮೊದಲನೆಯ ಘಟ್ಟದ ಲಕ್ಷಣ.

ಫ್ರಾನ್ಸ್ ಬಡದೇಶವಾಗಿತ್ತೆಂದು ಇದರಿಂದ ತಿಳಿಯಕೂಡದು. ಸುಮಾರು ೨ ಕೋಟಿ ೮೦ ಲಕ್ಷ ಜನರಿಂದ ಕೂಡಿ, ಯೂರೋಪಿನ ಸಂಪನ್ನ ದೇಶಗಳಲ್ಲಿ ಅದು ಒಂದಾಗಿತ್ತು. ದೇಶದಲ್ಲಿ ಹಣವಿತ್ತು, ಸರಕಾರದಲ್ಲಿ ಇರಲಿಲ್ಲ. ೧೭೭೮ರಿಂದ ೧೭೮೩ರ ವರೆಗೆ ಅಮೆರಿಕದವರ ಪರವಾಗಿ ಇಂಗ್ಲೆಂಡಿನೊಡನೆ ನಡಿಸಿದ ಯುದ್ಧಕ್ಕಾಗಿ ಸುಮಾರು ೧೦೦ ಕೋಟಿ ಲೀವ್ರ್ ನಾಣ್ಯಗಳು ವೆಚ್ಚವಾಗಿ, ಅದರಲ್ಲಿ ಬಹುಭಾಗವು ಸಾಲದಿಂದ ಬಂದುದಾಗಿತ್ತು. ೧೭೮೮ರಲ್ಲಿ ಸರಕಾರದ ವರುಷದ ವೆಚ್ಚದಲ್ಲಿ ಸುಮಾರು ಅರ್ಧವು ಸಾಲದ ಬಾಬ್ತಿಗೇ ಹೋಗುತ್ತಿತ್ತು. ಹೀಗಿದ್ದರೂ ವಿಸ್ತಾರವಾದ ಭೂಮಿಗಳುಳ್ಳ ಕುಲೀನರೂ ಸಭೆಯ ಹಿರಿಯ ಅಧಿಕಾರಿಗಳೂ ಮುಖ್ಯವಾದ ನೇರ ತೆರಿಗೆಯಿಂದ ವಿನಾಯಿತಿ ಪಡೆದವರಾಗಿದ್ದರು. ಅದರ ಭಾರವು ರೈತನ ಮೇಲೆ ಬೀಳುತ್ತಿತ್ತು. ಉಪ್ಪಿಗೂ ತೆರಿಗೆಯಿತ್ತು, ಕೆಲವು ಸೀಮೆಗಳಲ್ಲಿ ಪ್ರತಿ ಮನೆಯವರೂ ಗೊತ್ತುಮಾಡಿದಷ್ಟು ಉಪ್ಪನ್ನು ಕೊಂಡುಕೊಳ್ಳಲೇಬೇಕೆಂಬ ಕಟ್ಟಳೆಯೂ ಇತ್ತು.

೧೭೮೭ರಲ್ಲಿ ದೊರೆಯ ಮಂತ್ರಿಯು ಪ್ರಮುಖರ ಸಭೆಯನ್ನು ಕರೆದು, ಭೂಮಿಯುಳ್ಳವರೆಲ್ಲರೂ ತೆರಿಗೆಯನ್ನು ಕೊಡಬೇಕೆಂದು ಸೂಚಿಸಿದನು. ಆ ಪ್ರಮುಖರು ಒಪ್ಪಲಿಲ್ಲ. ಇಂತಹ ತೆರಿಗೆಗೆ ಸಮ್ಮತಿ ಕೊಡುವ ಅಧಿಕಾರವು ದೇಶದ ಮೂರು ವರ್ಗಗಳ ಮಹಾಸಭೆಗೇ ಉಂಟೆಂಬ ವಾದವು ಎದ್ದಿತು. ಆ ಮಹಾಸಭೆಯು ೧೬೧೪ರಲ್ಲಿ ಕೂಡಿದ ಮೇಲೆ ಮತ್ತೆ ಕೂಡಿರಲೇ ಇಲ್ಲ. ಹಳೆಯ ಕಟ್ಟಡದ ಮೊದಲನೆಯ ಕಲ್ಲನ್ನು ಸಡಿಲಿಸಿದವರು ಹಸಿದ ಬಡವರಲ್ಲ, ತಮ್ಮ ವಿನಾಯಿತಿಯನ್ನು ಬಿಡಲೊಲ್ಲದ ದೊಡ್ಡವರು ಎಂಬುದು ಗಮನಿಸತಕ್ಕ ಮಾತು.

ಹಸಿವು ಅದರ ಬೆನ್ನಿಗೇ ಬಂದಿತು. ೧೭೮೮ರ ಜುಲೈ ೧೩ರಂದು ಬಿದ್ದ ಆಲಿಕಲ್ಲಿನ ಮಳೆಯಿಂದ ಉತ್ತರದ ಸೀಮೆಗಳಲ್ಲಿ ಪೈರು ಹಾಳಾಯಿತು. ಪ್ಯಾರಿಸ್ ನಗರದಲ್ಲಿ ಎಂಟೊಂಬತ್ತು ಸೂ ನಾಣ್ಯಗಳಿಗೆ ಸಿಕ್ಕುತ್ತಿದ್ದ ನಾಲ್ಕು ಪೌಂಡಿನ ರೊಟ್ಟಿಯ ಬೆಲೆಯು ೧೭೮೯ರ ಮೊದಲ ತಿಂಗಳುಗಳಲ್ಲಿ ಹದಿನಾಲ್ಕೂವರೆ ಸೂಗಳಿಗೆ ಏರಿತು. ಕೂಲಿಗಾರನ ದಿನದ ಸಂಬಳವು ೨೦ರಿಂದ ೩೦ ಸೂಗಳಷ್ಟೇ. ಈ ಲೆಕ್ಕವು ಮಂತ್ರಿಗಳಿಗಿಂತ ಮುಂಚೆ ಯಾರಿಗೆ ತಿಳಿಯಿತೆಂಬುದನ್ನು ಮನೆ ನಡಿಸುವ ತಾಯಂದಿರಿಗೆ ನಾವು ಹೇಳಬೇಕಾದುದಿಲ್ಲ. ರೊಟ್ಟಿಯ ಅಂಗಡಿಯ ಮುಂದೆ ಬೆಳಗಿನ ಜಾವದಿಂದ ಸಾಲುಗಟ್ಟಿ ನಿಂತವರು ಹೆಚ್ಚಾಗಿ ಸ್ತ್ರೀಯರೇ.

೨. ಆಶೆಯ ದಿನಗಳು

ಮಹಾಸಭೆಯು ೧೭೮೯ರ ಮೇ ೫ರಂದು ವರ್ಸೇಲ್ಸಿನಲ್ಲಿ ಆರಂಭವಾಯಿತು. ಮೂರನೆಯ ವರ್ಗದವರೆಂದರೆ ವಕೀಲರು, ವರ್ತಕರು, ಸಣ್ಣ ಅಧಿಕಾರಿಗಳು ಮುಂತಾದವರು. ಅವರ ಪ್ರತಿನಿಧಿಗಳ ಸಂಖ್ಯೆಯು ಉಳಿದ ಎರಡು ವರ್ಗಗಳಲ್ಲಿ ಪ್ರತಿಯೊಂದರ ಇಮ್ಮಡಿಯಷ್ಟಿದ್ದರೂ, ವರ್ಗಕ್ಕೊಂದು ಮತವೆಂಬ ಪದ್ಧತಿಯಿಂದ ಎರಡಕ್ಕೊಂದರಂತೆ ಅವರು ಸೋಲಬೇಕಾಗಿತ್ತು. ಆರು ವಾರ ವಾದವಾಯಿತು. ಜೂನ್ ೧೭ರಂದು ಅವರು ತಾವೇ ರಾಷ್ಟ್ರೀಯ ಸಭೆಯೆಂದು ಸಾರಿಕೊಂಡರು. ೨೦ರಂದು ಸಭಾಮಂದಿರದ ಬಾಗಿಲು ಮುಚ್ಚಿರಲಾಗಿ, ಸಮೀಪದ ಚೆಂಡಾಟದ ಅಂಗಣದಲ್ಲಿ ಕೂಡಿ, ರಾಜ್ಯಾಂಗವು ರಚಿತವಾಗುವವರೆಗೆ ಚದರುವುದಿಲ್ಲವೆಂದು ಪ್ರಮಾಣ ಮಾಡಿದರು. ಜುಲೈ ೧೪ರಂದು ಪ್ಯಾರಿಸಿನ ಜನರು ಬಾಸ್ಟಿಲ್ ಎಂಬ ಕೋಟೆಯನ್ನು ಹಿಡಿದರು. ಆ ಸೆರೆಮನೆಯಲ್ಲಿದ್ದ ಕೈದಿಗಳು ಏಳೇ ಮಂದಿ. ಆದರೆ ಬಿದ್ದುದು ಕಲ್ಲಿನ ಗೋಡೆಯೊಂದೇ ಅಲ್ಲ, ದೊರೆಯ ಸೈನ್ಯಕ್ಕೆ ಎದುರು ನಿಲ್ಲಲಾಗದೆಂಬ ಜನರ ಭಯವೂ ಬಿದ್ದಿತು.

ಮುಂದಿನ ಕೆಲವು ವಾರಗಳು ಕ್ರಾಂತಿಯ ಮದುವೆಯ ದಿನಗಳಂತಿದ್ದುವು. ಆಗಸ್ಟ್ ೪ರ ರಾತ್ರಿ ಕುಲೀನರೇ ಒಬ್ಬರ ಹಿಂದೊಬ್ಬರಾಗಿ ಎದ್ದುನಿಂತು, ತಮ್ಮ ಹಳೆಯ ವಿಶೇಷಾಧಿಕಾರಗಳನ್ನು ಬಿಟ್ಟುಕೊಟ್ಟರು. ಆಗಸ್ಟ್ ೨೬ರಂದು ಮನುಷ್ಯನ ಮತ್ತು ಪೌರನ ಹಕ್ಕುಗಳ ಘೋಷಣೆಯು ೧೭ ವಿಧಿಗಳಲ್ಲಿ ಅಂಗೀಕೃತವಾಯಿತು. ಎಲ್ಲರೂ ಸಹೋದರರು, ಇನ್ನು ಕಷ್ಟವೇ ಇಲ್ಲವೆಂಬ ನಂಬಿಕೆಯು ಈ ಘಟ್ಟದಲ್ಲಿ ಎಲ್ಲ ದೇಶಗಳ ಕ್ರಾಂತಿಗಳಲ್ಲಿಯೂ ಕಾಣುವಂತಹುದೇ. ಹಳೆಯದು ಬೇಡವೆಂಬುದರಲ್ಲಿ ಎಲ್ಲರಿಗೂ ಒಮ್ಮತವಿರುತ್ತದೆ. ಹೊಸದು ಹೇಗಿರಬೇಕೆಂಬ ಪ್ರಶ್ನೆಯು ಆಗಿನ್ನೂ ಎದ್ದಿರುವುದಿಲ್ಲ.

ಆದರೆ ಘೋಷಣೆಯಿಂದ ರೊಟ್ಟಿಯ ಬೆಲೆಯು ಇಳಿಯಲಿಲ್ಲ. ದೊರೆಯೂ ಅದಕ್ಕೆ ಒಪ್ಪಿಗೆಯನ್ನು ಕೊಡದೆ ತಡಮಾಡುತ್ತಿದ್ದನು. ಅಕ್ಟೋಬರ್ ೫ರಂದು ಪ್ಯಾರಿಸಿನ ಪೇಟೆಯ ಸಾವಿರಾರು ಸ್ತ್ರೀಯರು, ಮೀನು ಮಾರುವವರು, ಬಟ್ಟೆ ಒಗೆಯುವವರು, ಅಂಗಡಿಗಾರರ ಹೆಂಡಂದಿರು, ಮಳೆಯಲ್ಲಿ ನೆನೆಯುತ್ತಾ ಸುಮಾರು ೧೨ ಮೈಲಿ ನಡೆದು ವರ್ಸೇಲ್ಸನ್ನು ಮುಟ್ಟಿದರು. ಅಂದೇ ರಾತ್ರಿ ದೊರೆಯು ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿದನು. ಮರುದಿನ ಬೆಳಿಗ್ಗೆ ಅರಮನೆಯಲ್ಲಿ ರಕ್ತಪಾತವಾಗಿ ಕಾವಲುಗಾರರಲ್ಲಿ ಕೆಲವರು ಸತ್ತರು. ಮಧ್ಯಾಹ್ನದ ಹೊತ್ತಿಗೆ ದೊರೆಯೂ ರಾಣಿಯೂ ಮಕ್ಕಳೂ ಆ ಸ್ತ್ರೀಯರ ಸಂಗಡ ಪ್ಯಾರಿಸಿಗೆ ಹೊರಟರು. ಚೆಂಡಾಟದ ಅಂಗಣದ ಪ್ರಮಾಣದಿಂದಲೂ ಬಾಸ್ಟಿಲಿನ ಪತನದಿಂದಲೂ ಆಗದಿದ್ದುದು ರೊಟ್ಟಿಯ ಸಾಲಿನಲ್ಲಿ ನಿಂತವರಿಂದ ಆಯಿತು. ದೊರೆಯು ಆ ಮೇಲೆ ವರ್ಸೇಲ್ಸಿನಲ್ಲಿ ವಾಸಮಾಡಲೇ ಇಲ್ಲ.

೩. ಮಂದಗಾಮಿಗಳ ಕಷ್ಟ

ಹಳೆಯ ಅಧಿಕಾರವು ಬಿದ್ದ ಮೇಲೆ ಮೊದಲು ಆಡಳಿತಕ್ಕೆ ಬರುವವರು ಮಂದಗಾಮಿಗಳು. ಓದಿದವರು, ಆಸ್ತಿಯುಳ್ಳವರು, ಕಾನೂನಿನಲ್ಲಿ ನಂಬಿಕೆಯುಳ್ಳವರು. ಅವರು ಕೆಟ್ಟವರೆಂದಾಗಲಿ ಅಸಮರ್ಥರೆಂದಾಗಲಿ ಹೇಳಲಾಗದು. ಆದರೆ ಹಿಂದಿನವರ ಸಾಲವೂ ಹಿಂದಿನವರ ಹಸಿವೂ ಅವರ ಪಾಲಿಗೆ ಬರುತ್ತವೆ. ಆಶೆಯು ಮಾತ್ರ ನೂರ್ಮಡಿಯಾಗಿರುತ್ತದೆ. ಒಂದು ಕಡೆ ಹಳಬರು ಅವರನ್ನು ದ್ರೋಹಿಗಳೆನ್ನುತ್ತಾರೆ. ಇನ್ನೊಂದು ಕಡೆ ತೀವ್ರಗಾಮಿಗಳು ಅವರನ್ನು ಅಳ್ಳೆದೆಯವರೆನ್ನುತ್ತಾರೆ.

ಬೊಕ್ಕಸವನ್ನು ತುಂಬಿಸುವುದಕ್ಕಾಗಿ ರಾಷ್ಟ್ರೀಯ ಸಭೆಯು ೧೭೮೯ರ ನವೆಂಬರ್ ೨ರಂದು ಕ್ರೈಸ್ತಸಭೆಯ ಭೂಮಿಕಾಣಿಗಳನ್ನು ದೇಶದ ವಶಕ್ಕೆ ತೆಗೆದುಕೊಂಡು, ಅವುಗಳ ಆಧಾರದ ಮೇಲೆ ಕಾಗದದ ಹಣವನ್ನು ಹೊರಡಿಸಿತು. ಅಚ್ಚುಹಾಕುವುದು ಸುಲಭ, ನಿಲ್ಲಿಸುವುದು ಕಷ್ಟ. ವರುಷ ವರುಷಕ್ಕೆ ಆ ಕಾಗದದ ಬೆಲೆಯು ಕುಸಿಯುತ್ತಾ ಬಂದಿತು. ೧೭೯೦ರ ಜುಲೈಯಲ್ಲಿ ಗುರುಗಳನ್ನು ಸರಕಾರದ ಸಂಬಳದ ನೌಕರರನ್ನಾಗಿ ಮಾಡುವ ಕಾನೂನು ಹುಟ್ಟಿತು. ಅದಕ್ಕೆ ಬದ್ಧರಾಗಿ ಪ್ರಮಾಣ ಮಾಡಬೇಕೆಂದು ಆಜ್ಞೆಯಾದಾಗ ಊರ ಗುರುಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ಒಪ್ಪಲಿಲ್ಲ. ಅಲ್ಲಿಯ ವರೆಗೆ ಕ್ರಾಂತಿಗೆ ಅನುಕೂಲವಾಗಿದ್ದ ಎಷ್ಟೋ ಹಳ್ಳಿಗಳು, ಅವುಗಳಲ್ಲಿಯೂ ಭಕ್ತಿಯುಳ್ಳ ಸ್ತ್ರೀಯರು, ಆ ದಿನದಿಂದ ಅದಕ್ಕೆ ವಿಮುಖರಾದರು. ಮನಸ್ಸಾಕ್ಷಿಯ ಮೇಲೆ ಕಾನೂನಿನ ಕೈ ಬಿದ್ದಾಗ ದೇಶವು ಇಬ್ಭಾಗವಾಗುವುದೆಂಬುದಕ್ಕೆ ಇದೊಂದು ನಿದರ್ಶನ. ೧೭೯೧ರ ಜೂನ್‌ನಲ್ಲಿ ದೊರೆಯು ಕುಟುಂಬಸಮೇತನಾಗಿ ಗುಟ್ಟಿನಲ್ಲಿ ಓಡಿಹೋಗಲು ಯತ್ನಿಸಿ, ವರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದನು. ದೊರೆಯನ್ನಿಟ್ಟುಕೊಂಡೇ ರಾಜ್ಯಾಂಗವನ್ನು ನಡಿಸುವೆವೆಂಬ ಮಂದಗಾಮಿಗಳ ಮಾತಿಗೆ ಅಂದಿನಿಂದ ಬೆಲೆಯಿಲ್ಲದಾಯಿತು.

ಆ ವರುಷದ ಸೆಪ್ಟೆಂಬರಿನಲ್ಲಿ ರಾಜ್ಯಾಂಗವು ಮುಗಿಯಿತು. ಮೂರು ದಿನದ ಕೂಲಿಯಷ್ಟು ತೆರಿಗೆಯನ್ನು ಕೊಡುವ ಪುರುಷರಿಗೆ ಮಾತ್ರ ಮತವು ದೊರೆಯಿತು. ಸ್ತ್ರೀಯರಿಗೆ ಯಾವ ತೆರಿಗೆಯಿಂದಲೂ ಅದು ದೊರೆಯುವಂತಿರಲಿಲ್ಲ. ಇದು ಯಾರಿಗೂ ತೋಚದೆ ಆದ ಮರೆವಲ್ಲ. ೧೭೯೦ರಲ್ಲಿಯೇ ಗಣಿತಜ್ಞನಾದ ಕೊಂಡೊರ್ಸೆಯು ಸ್ತ್ರೀಯರಿಗೆ ಪೌರತ್ವದ ಹಕ್ಕನ್ನು ಕೊಡಬೇಕೆಂದು ಲೇಖನವನ್ನು ಬರೆದು ಪ್ರಕಟಿಸಿದ್ದನು. ೧೭೯೧ರ ಸೆಪ್ಟೆಂಬರಿನಲ್ಲಿ ಒಲಾಂಪ್ ದ ಗೂಜ್ ಎಂಬ ನಾಟಕಕರ್ತ್ರಿಯು, ಹಕ್ಕುಗಳ ಘೋಷಣೆಯ ಮಾದರಿಯಲ್ಲಿಯೇ ೧೭ ವಿಧಿಗಳುಳ್ಳ ಸ್ತ್ರೀಯರ ಹಕ್ಕುಗಳ ಘೋಷಣೆಯನ್ನು ಬರೆದು ಅಚ್ಚುಹಾಕಿಸಿದಳು. ಸಭೆಯು ಅದನ್ನು ಚರ್ಚೆಗೂ ತೆಗೆದುಕೊಳ್ಳಲಿಲ್ಲ.

ವಿದ್ಯೆಯ ವಿಷಯದಲ್ಲಿಯೂ ಹಾಗೆಯೇ ಆಯಿತು. ೧೭೮೬ರಿಂದ ೧೭೯೦ರ ವರೆಗಿನ ವಿವಾಹದ ದಾಖಲೆಪುಸ್ತಕಗಳನ್ನು ಪರಿಶೀಲಿಸಿದವರು, ಮದುಮಗನು ಸಹಿ ಹಾಕಿದುದು ನೂರಕ್ಕೆ ೪೭ ಮದುವೆಗಳಲ್ಲಿ, ಮದುಮಗಳು ಹಾಕಿದುದು ನೂರಕ್ಕೆ ೨೭ ಮದುವೆಗಳಲ್ಲಿ ಎಂದು ಲೆಕ್ಕಮಾಡಿದ್ದಾರೆ. ಹೀಗಿರಲು, ೧೭೯೧ರಲ್ಲಿ ತಾಲೆರಾಂಡನು ಸಭೆಯ ಮುಂದಿಟ್ಟ ವಿದ್ಯಾಭ್ಯಾಸದ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಮನೆಯ ಶಿಕ್ಷಣವೇ ತಕ್ಕದ್ದೆಂದಿತ್ತು. ಇದಕ್ಕೆ ಉತ್ತರವು ಕಡಲಾಚೆಯಿಂದ ಬಂದಿತು. ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟಳು ೧೭೯೨ರಲ್ಲಿ ಸ್ತ್ರೀಯರ ಹಕ್ಕುಗಳ ಸಮರ್ಥನೆಯ ಗ್ರಂಥವನ್ನು ಬರೆದು, ಅದನ್ನು ಆ ತಾಲೆರಾಂಡನಿಗೇ ಅರ್ಪಿಸಿದಳು. ಬಾಗಿಲು ತೆರೆದಿದ್ದ ಕಾಲದಲ್ಲಿ ಅವರ ಹಕ್ಕು ಕಾನೂನಿನ ಪುಟವನ್ನು ಸೇರಲಿಲ್ಲ. ಬಾಗಿಲು ಬಹುಕಾಲ ತೆರೆದಿರಲೂ ಇಲ್ಲ.

೪. ಭೀತಿಯ ಆಳಿಕೆ

೧೭೯೨ರ ಏಪ್ರಿಲ್ ೨೦ರಂದು ಫ್ರಾನ್ಸ್ ಆಸ್ಟ್ರಿಯದ ಮೇಲೆ ಯುದ್ಧವನ್ನು ಸಾರಿತು. ಕ್ರಾಂತಿಯನ್ನು ಜ್ವರದಿಂದ ಪ್ರಲಾಪಕ್ಕೆ ಏರಿಸಿದುದು ಮುಖ್ಯವಾಗಿ ಈ ಯುದ್ಧವೇ. ಶತ್ರುಸೈನ್ಯವು ಗಡಿಯನ್ನು ದಾಟಲು, ಸೋಲಿಗೆ ಒಳಗಿನ ದ್ರೋಹವೇ ಕಾರಣವೆಂಬ ಸಂಶಯವು ಎಲ್ಲೆಲ್ಲಿಯೂ ಹಬ್ಬಿತು. ಆಗಸ್ಟ್ ೧೦ರಂದು ಜನರು ಅರಮನೆಯ ಮೇಲೆ ಬಿದ್ದು ದೊರೆತನವನ್ನು ಉರುಳಿಸಿದರು. ಟಿಪ್ಪುವಿನ ರಾಯಭಾರಿಗಳು ಆ ದೊರೆಯನ್ನು ಸಿಂಹಾಸನದ ಮೇಲೆ ಕಂಡುದಕ್ಕೆ ಅಂದಿಗೆ ಸರಿಯಾಗಿ ನಾಲ್ಕು ವರುಷಗಳಾಗಿದ್ದುವು. ಸೆಪ್ಟೆಂಬರಿನ ಮೊದಲ ವಾರದಲ್ಲಿ ಪ್ಯಾರಿಸಿನ ಸೆರೆಮನೆಗಳಲ್ಲಿ ಸಾವಿರಕ್ಕೂ ಮಿಕ್ಕಿದ ಕೈದಿಗಳು ಕೊಲ್ಲಲ್ಪಟ್ಟರು. ಅದೇ ತಿಂಗಳ ಕೊನೆಯಲ್ಲಿ ಪ್ರಜಾಧಿಪತ್ಯವು ಸ್ಥಾಪಿತವಾಯಿತು. ೧೭೯೩ರ ಜನವರಿ ೨೧ರಂದು ದೊರೆಯ ಶಿರಚ್ಛೇದವಾಯಿತು.

ಆಗ ಯೂರೋಪಿನ ಬಹು ರಾಜ್ಯಗಳು ಫ್ರಾನ್ಸಿನ ಮೇಲೆ ಎದ್ದುವು. ಪಶ್ಚಿಮದ ವಾಂದೇ ಸೀಮೆಯಲ್ಲಿ ರೈತರು ದಂಗೆಯೆದ್ದರು. ಕಾಗದದ ಹಣಕ್ಕೆ ರೊಟ್ಟಿಯು ಸಿಕ್ಕದಾಯಿತು. ಇಂತಹ ಸಮಯದಲ್ಲಿ, ಸಂಖ್ಯೆಯಲ್ಲಿ ಕಡಿಮೆಯಾದರೂ ಕಟ್ಟುಪಾಡಿನಲ್ಲಿ ಬಿಗಿಯಾದ ಪಕ್ಷವೇ ಗೆಲ್ಲುತ್ತದೆ. ಜಾಕೊಬಿನ್ ಸಂಘದವರು ಅಂಥವರು. ಜೂನ್ ೨ರಂದು ಮಂದಗಾಮಿಗಳ ಮುಂದಾಳುಗಳನ್ನು ಸಭೆಯಿಂದಲೇ ಹಿಡಿಸಲಾಯಿತು. ಲೋಕರಕ್ಷಣಾ ಸಮಿತಿ ಎಂಬ ಹೆಸರಿನ ಹನ್ನೆರಡು ಮಂದಿಯ ಕೈಗೆ ಅಧಿಕಾರವೆಲ್ಲವೂ ಸೇರಿತು. ಅವರಲ್ಲಿ ರೊಬೆಸ್ಪಿಯರನು ಮುಖ್ಯನು. ಸೆಪ್ಟೆಂಬರ್ ೧೭ರ ಕಾನೂನಿನಿಂದ, ಸಂಶಯವೊಂದಿದ್ದರೆ ಸಾಕು, ಸೆರೆಯಲ್ಲಿಡಬಹುದೆಂದಾಯಿತು.

ಈ ಸಮಿತಿಯವರು ಕಾರ್ಯಶೂನ್ಯರಾಗಿರಲಿಲ್ಲ. ಅವರು ದೇಶಕ್ಕೆ ಸೈನ್ಯವನ್ನು ಕಟ್ಟಿದರು. ಧಾನ್ಯಕ್ಕೂ ಇತರ ಅವಶ್ಯಕ ಸಾಮಾನುಗಳಿಗೂ ಮೇಲ್ಬೆಲೆಯನ್ನು ಗೊತ್ತುಮಾಡಿದರು. ೧೭೯೪ರ ಫೆಬ್ರವರಿ ೪ರಂದು ವಸಾಹತುಗಳ ಗುಲಾಮತನವನ್ನು ರದ್ದುಮಾಡಿದುದು ಅದೇ ಕಾಲದ ಸಭೆಯೇ. ಆದರೆ ಭಯವು ಒಮ್ಮೆ ರಾಜ್ಯದ ಆಯುಧವಾದರೆ, ಅದು ತನಗೆ ಮೇವನ್ನು ತಾನೇ ಹುಡುಕುತ್ತದೆ. ವಿಚಾರಣೆಯಾಗಿ ಮರಣದಂಡನೆ ಹೊಂದಿದವರು ಸುಮಾರು ೧೭,೦೦೦ ಮಂದಿ. ಅವರೆಲ್ಲರೂ ಕುಲೀನರೆಂದು ಹಲವರು ತಿಳಿದಿದ್ದಾರೆ. ಲೆಕ್ಕವನ್ನು ನೋಡಿದರೆ ನೂರಕ್ಕೆ ಸುಮಾರು ೮೫ ಮಂದಿ ಸಾಮಾನ್ಯ ವರ್ಗದವರೇ. ಯಾರ ಹೆಸರಿನಲ್ಲಿ ಕತ್ತಿಯು ಎತ್ತಲ್ಪಟ್ಟಿತೋ ಅವರ ಕೊರಳ ಮೇಲೆಯೇ ಅದು ಹೆಚ್ಚಾಗಿ ಬಿದ್ದಿತು.

೧೭೯೩ರ ಮೇ ತಿಂಗಳಲ್ಲಿ ಪ್ಯಾರಿಸಿನ ಸ್ತ್ರೀಯರು ತಮ್ಮದೇ ಒಂದು ಕ್ರಾಂತಿಕಾರಿ ಸಂಘವನ್ನು ಕಟ್ಟಿಕೊಂಡಿದ್ದರು. ಅಕ್ಟೋಬರ್ ೩೦ರಂದು, ಸ್ತ್ರೀಯರ ಸಂಘಗಳೆಲ್ಲವೂ ನಿಷಿದ್ಧವೆಂದು ಸಭೆಯು ಆಜ್ಞೆ ಮಾಡಿತು. ರಾಜ್ಯಕಾರ್ಯಕ್ಕೆ ಬೇಕಾದ ಗುಣಗಳು ಸ್ವಭಾವತಃ ಅವರಲ್ಲಿಲ್ಲವೆಂಬುದು ಕೊಟ್ಟ ಕಾರಣ. ನಾಲ್ಕು ದಿನಗಳ ಬಳಿಕ, ನವೆಂಬರ್ ೩ರಂದು, ಒಲಾಂಪ್ ದ ಗೂಜಳ ತಲೆಯು ಗಿಲೊಟೀನ್ ಯಂತ್ರಕ್ಕೆ ಬಲಿಯಾಯಿತು. ನವೆಂಬರ್ ೮ರಂದು ಮಂದಗಾಮಿ ಪಕ್ಷಕ್ಕೆ ಆಲೋಚನೆ ಹೇಳುತ್ತಿದ್ದ ವಿದ್ಯಾವತಿ ಮಾದಾಂ ರೊಲಾಂಡಳೂ ಅದೇ ದಾರಿಯಲ್ಲಿ ಹೋದಳು. ಸ್ತ್ರೀಯರಿಗಾಗಿ ಬರೆದ ಕೊಂಡೊರ್ಸೆಯು ಮರುವರುಷದ ಮಾರ್ಚಿಯಲ್ಲಿ ಸೆರೆಮನೆಯಲ್ಲಿ ಸತ್ತನು.

೫. ಜ್ವರದ ಇಳಿತ

ಕ್ರಾಂತಿಯು ತನ್ನ ಮಕ್ಕಳನ್ನೇ ತಿನ್ನತೊಡಗಿದಾಗ ಅದರ ಅಂತ್ಯವು ಸಮೀಪಿಸುತ್ತದೆ. ೧೭೯೪ರ ಏಪ್ರಿಲ್ ೫ರಂದು ದಾಂತೊನನು ಸತ್ತನು. ಜೂನ್ ೧೦ರ ಕಾನೂನಿನಿಂದ ಆರೋಪಿಗೆ ವಕೀಲನೂ ಇಲ್ಲದಂತಾಯಿತು. ಮುಂದಿನ ಏಳು ವಾರಗಳಲ್ಲಿ ಪ್ಯಾರಿಸೊಂದರಲ್ಲಿಯೇ ೧,೩೦೦ಕ್ಕೂ ಮಿಕ್ಕಿದ ತಲೆಗಳು ಉರುಳಿದುವು. ಇಷ್ಟರೊಳಗೆ ಜೂನ್ ೨೬ರಂದು ಫ್ಲೂರಸ್ ಎಂಬಲ್ಲಿ ಫ್ರೆಂಚ್ ಸೈನ್ಯವು ಜಯಹೊಂದಿ, ಗಡಿಯ ಅಪಾಯವು ದೂರವಾಯಿತು. ಭೀತಿಗೆ ಕೊಟ್ಟಿದ್ದ ಕಾರಣವು ಹೋಯಿತು. ಭೀತಿಯು ಮಾತ್ರ ಉಳಿಯಿತು. ನಾಳೆ ತಮ್ಮ ಸರದಿಯೆಂದು ಹೆದರಿದ ಸಭಾಸದರೇ ಜುಲೈ ೨೭ರಂದು, ಅವರ ಹೊಸ ಪಂಚಾಂಗದ ತೆರ್ಮಿಡೊರ್ ತಿಂಗಳ ೯ನೆಯ ದಿನ, ರೊಬೆಸ್ಪಿಯರನನ್ನು ಹಿಡಿಸಿದರು. ಮರುದಿನ ಅವನಿಗೂ ಅದೇ ಯಂತ್ರವು ದೊರೆಯಿತು. ಯಾವ ದೇಶದ ಕ್ರಾಂತಿಯಲ್ಲಾದರೂ ಇಂತಹ ಇಳಿತವು ಬಂದಾಗ ಅದಕ್ಕೆ ತೆರ್ಮಿಡೊರ್ ಎಂದು ಹೆಸರಿಡುವುದು ಚರಿತ್ರಕಾರರ ವಾಡಿಕೆಯಾಗಿದೆ.

ಸೆರೆಮನೆಗಳು ತೆರೆದುವು, ಜನರು ಉಸಿರುಬಿಟ್ಟರು. ಆದರೆ ಈ ಘಟ್ಟಕ್ಕೂ ತನ್ನದೇ ಆದ ಕಠಿನತೆಯುಂಟು. ಡಿಸೆಂಬರಿನಲ್ಲಿ ಮೇಲ್ಬೆಲೆಯ ಕಾನೂನು ರದ್ದಾಯಿತು. ಭಯಂಕರವಾದ ಚಳಿಗಾಲವು ಬಂದಿತು. ಕಾಗದದ ಹಣವು ಕಸವಾಯಿತು. ಹೊಸ ಹಣಗಾರರು ಔತಣ ನಡಿಸುತ್ತಿರಲು ಬಡವರ ಬೀದಿಗಳಲ್ಲಿ ಹಸಿವೆಯಿಂದ ಸಾಯುವವರಿದ್ದರು. ೧೭೯೫ರ ಮೇ ೨೦ರಂದು ಪ್ಯಾರಿಸಿನ ಸ್ತ್ರೀಯರು ರೊಟ್ಟಿ ಬೇಕೆಂದು ಮತ್ತೆ ಮುಂದಾಗಿ ಸಭೆಯೊಳಗೆ ನುಗ್ಗಿದರು. ಆರು ವರುಷಗಳ ಹಿಂದೆ ಅವರನ್ನು ವೀರಮಾತೆಯರೆಂದು ಹೊಗಳಿದ್ದರು. ಈ ಸಲ ಸೈನ್ಯವು ಬಂದಿತು. ಆ ಮೇಲೆ ಆಜ್ಞೆಯೂ ಬಂದಿತು: ಸ್ತ್ರೀಯರು ಸಭೆಯ ಪ್ರೇಕ್ಷಕರ ಸ್ಥಾನಗಳಿಗೆ ಬರಕೂಡದು. ಬೀದಿಯಲ್ಲಿ ಐದು ಮಂದಿಗಿಂತ ಹೆಚ್ಚಾಗಿ ಕೂಡಿ ನಿಲ್ಲಕೂಡದು.

೬. ಖಡ್ಗವುಳ್ಳವನು

ಬಳಿಕ ಐದು ಮಂದಿ ನಿರ್ದೇಶಕರ ಆಡಳಿತವು ನಾಲ್ಕು ವರುಷ ನಡೆಯಿತು. ಅವರಿಗೆ ದೊರೆಪಕ್ಷದವರ ಭಯ, ಜಾಕೊಬಿನರ ಭಯ. ಚುನಾವಣೆಯ ಫಲವು ತಮಗೆ ವಿರೋಧವಾದಾಗ ೧೭೯೭ರಲ್ಲಿಯೂ ೧೭೯೮ರಲ್ಲಿಯೂ ಅದನ್ನು ರದ್ದುಮಾಡಿದರು. ಇದಕ್ಕೆ ಸೈನ್ಯದ ಬೆಂಬಲವನ್ನು ಪಡೆದರು. ಸೈನ್ಯದ ಊರುಗೋಲಿನಿಂದ ನಡೆಯುವ ಸರಕಾರವು ಕಡೆಗೆ ಸೈನ್ಯದ ಕೈಗೇ ಸೇರುವುದು ಸಹಜ. ೧೭೯೯ರ ನವೆಂಬರ್ ೯ರಂದು ಸೇನಾಪತಿಯಾದ ನೆಪೋಲಿಯನ್ ಬೊನಪಾರ್ಟನು ಅಧಿಕಾರವನ್ನು ಹಿಡಿದನು. ಹತ್ತು ವರುಷಗಳ ಕೋಲಾಹಲದಿಂದ ಬೇಸತ್ತ ಜನರಿಗೆ ಸ್ವಾತಂತ್ರ್ಯಕ್ಕಿಂತ ಸಮಾಧಾನವು ಹೆಚ್ಚಿನದಾಗಿ ತೋರಿತು. ೧೮೦೪ರಲ್ಲಿ ಅವನು ಚಕ್ರವರ್ತಿಯಾದನು.

ಅವನು ಕೊಟ್ಟುದು ಶಿಸ್ತು, ತೆಗೆದುಕೊಂಡುದು ಹಲವು. ೧೮೦೨ರಲ್ಲಿ ಗುಲಾಮತನವು ವಸಾಹತುಗಳಿಗೆ ಮರಳಿ ಬಂದಿತು. ಅದೇ ವರುಷ ಸರಕಾರದ ಪ್ರೌಢಶಾಲೆಗಳು ಸ್ಥಾಪಿತವಾದುವು, ಗಂಡುಮಕ್ಕಳಿಗೆ ಮಾತ್ರ. ೧೮೦೪ರ ಮಾರ್ಚ್ ೨೧ರ ಸಿವಿಲ್ ಸಂಹಿತೆಯು ಗಂಡನು ಹೆಂಡತಿಯನ್ನು ರಕ್ಷಿಸಬೇಕೆಂದೂ ಹೆಂಡತಿಯು ಗಂಡನಿಗೆ ವಿಧೇಯಳಾಗಿರಬೇಕೆಂದೂ ವಿಧಿಸಿತು. ಗಂಡನ ಒಪ್ಪಿಗೆಯಿಲ್ಲದೆ ಅವಳು ಆಸ್ತಿಯನ್ನು ಮಾರುವಂತೆಯೂ ನ್ಯಾಯಾಲಯಕ್ಕೆ ಹೋಗುವಂತೆಯೂ ಇರಲಿಲ್ಲ. ಕಡೆಗೆ ನೆಪೋಲಿಯನನು ೧೮೧೫ರಲ್ಲಿ ವಾಟರ್ಲೂವಿನಲ್ಲಿ ಸೋತುಹೋದನು. ಶಿರಚ್ಛೇದವಾದ ದೊರೆಯ ತಮ್ಮನೇ ಮರಳಿ ಸಿಂಹಾಸನದಲ್ಲಿ ನೆಲೆಯೂರಿದನು.

೭. ಉಳಿದುದೇನು?

ಹಾಗಾದರೆ ಇಷ್ಟು ರಕ್ತವು ವ್ಯರ್ಥವಾಯಿತೇ? ಹಾಗೆ ಹೇಳುವುದು ತಪ್ಪಾದೀತು. ದೊರೆಯು ಮರಳಿ ಬಂದನು, ಹಳೆಯ ರಾಜ್ಯವು ಬರಲಿಲ್ಲ. ಕುಲೀನರ ತೆರಿಗೆಯ ವಿನಾಯಿತಿಯೂ, ರೈತನಿಂದ ಅವರು ವಸೂಲು ಮಾಡುತ್ತಿದ್ದ ಊಳಿಗದ ಬಾಕಿಗಳೂ ಶಾಶ್ವತವಾಗಿ ಹೋದುವು. ಸ್ತ್ರೀಯರಿಗೂ ಒಂದು ಲಾಭವು ನಿಂತಿತು: ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹೆಣ್ಣುಮಕ್ಕಳಿಗೂ ಸಮಪಾಲೆಂಬ ಕ್ರಾಂತಿಯ ನಿಯಮವು ನೆಪೋಲಿಯನನ ಸಂಹಿತೆಯಲ್ಲಿಯೂ ಉಳಿಯಿತು. ಮೆರವಣಿಗೆಯಲ್ಲಿ ದೊರೆತುದು ಮೆರವಣಿಗೆಯೊಡನೆ ಹೋಯಿತು. ಕಾನೂನಿನಲ್ಲಿ ಬರೆದುದರಲ್ಲಿ ಸ್ವಲ್ಪವಾದರೂ ಉಳಿಯಿತು.

ಈ ಘಟ್ಟಗಳು ಫ್ರಾನ್ಸಿಗೆ ಮಾತ್ರ ಸೇರಿದವುಗಳಲ್ಲ. ಇಂಗ್ಲೆಂಡಿನಲ್ಲಿ ೧೬೪೦ರಲ್ಲಿ ಹಣಕ್ಕಾಗಿ ಕರೆದ ಪಾರ್ಲಿಮೆಂಟು ದೊರೆಯೊಡನೆ ಕಾದಿತು. ೧೬೪೯ರಲ್ಲಿ ದೊರೆಯ ತಲೆಯು ಉರುಳಿತು. ಸೇನಾಪತಿಯಾದ ಕ್ರಾಮ್‌ವೆಲ್ಲನು ಆಳಿದನು. ೧೬೬೦ರಲ್ಲಿ ದೊರೆತನವು ಮರಳಿತು. ರಷ್ಯದಲ್ಲಿ ೧೯೧೭ರ ಮಾರ್ಚ್ ೮ರಂದು ಪೆಟ್ರೊಗ್ರಾಡಿನ ನೇಯ್ಗೆಯ ಕಾರಖಾನೆಗಳ ಸ್ತ್ರೀಯರು ರೊಟ್ಟಿಗಾಗಿ ಬೀದಿಗಿಳಿದುದೇ ಕ್ರಾಂತಿಯ ಮೊದಲಾಯಿತು. ಮಂದಗಾಮಿಗಳು ಎಂಟು ತಿಂಗಳು ಆಳಿದರು. ನವೆಂಬರಿನಲ್ಲಿ ಬೊಲ್ಷೆವಿಕರು ಬಂದರು. ಅಲ್ಲಿಯ ಸ್ತ್ರೀಯರಿಗೆ ಅದೇ ವರುಷ ಮತವು ದೊರೆತರೂ, ಅವರು ಮತಕೊಟ್ಟು ಆರಿಸಿದ ರಾಜ್ಯಾಂಗ ಸಭೆಯು ೧೯೧೮ರ ಜನವರಿಯಲ್ಲಿ ಒಂದು ದಿನ ಕೂಡಿ ಚದರಿಸಲ್ಪಟ್ಟಿತು.

ಆದರೆ ಎಲ್ಲ ಕ್ರಾಂತಿಗಳೂ ಈ ದಾರಿಯನ್ನೇ ಹಿಡಿಯಬೇಕೆಂಬ ವಿಧಿಯಿಲ್ಲ. ಅಮೆರಿಕದವರ ಕ್ರಾಂತಿಯಲ್ಲಿ ಗಿಲೊಟೀನೂ ಇಲ್ಲ, ಚಕ್ರವರ್ತಿಯೂ ಇಲ್ಲ. ೧೯೮೯ರಲ್ಲಿ ಜೆಕೊಸ್ಲೊವಾಕಿಯದ ಜನರು ರಕ್ತವನ್ನು ಹರಿಸದೆ ತಮ್ಮ ಸರಕಾರವನ್ನು ಬದಲಾಯಿಸಿಕೊಂಡರು. ಜ್ವರದ ಉಪಮಾನದ ಮಿತಿಯು ಇಲ್ಲಿ ಕಾಣುತ್ತದೆ. ಜ್ವರಕ್ಕೆ ಬುದ್ಧಿಯಿಲ್ಲ, ಮನುಷ್ಯರಿಗುಂಟು. ಯುದ್ಧವನ್ನು ಸಾರದಿದ್ದರೆ, ಮನಸ್ಸಾಕ್ಷಿಯನ್ನು ಕೆಣಕದಿದ್ದರೆ, ರೊಟ್ಟಿಯ ಲೆಕ್ಕವನ್ನು ಸಕಾಲದಲ್ಲಿ ನೋಡಿದ್ದರೆ, ಫ್ರಾನ್ಸಿನ ಗತಿಯೂ ಬೇರೆಯಾಗಬಹುದಾಗಿತ್ತೆಂದು ನಾವು ನಂಬುತ್ತೇವೆ.

ಫ್ರಾನ್ಸಿನ ಸ್ತ್ರೀಯರ ಕಥೆಯನ್ನು ಪೂರ್ತಿಮಾಡಿ ಮುಗಿಸೋಣ. ೧೮೪೮ರಲ್ಲಿ ಮತ್ತೊಂದು ಕ್ರಾಂತಿಯಾಗಿ ಪುರುಷರೆಲ್ಲರಿಗೂ ಮತವು ದೊರೆಯಿತು, ಸ್ತ್ರೀಯರಿಗೆ ಇಲ್ಲ. ಸರಕಾರದ ವತಿಯಿಂದ ಹೆಣ್ಣುಮಕ್ಕಳಿಗೆ ಪ್ರೌಢಶಾಲೆಗಳಿರಬೇಕೆಂಬ ಕಾನೂನು ಹುಟ್ಟಿದುದು ೧೮೮೦ರಲ್ಲಿ. ಹೆಂಡತಿಯ ವಿಧೇಯತೆಯ ವಿಧಿಯು ತೆಗೆದುಹಾಕಲ್ಪಟ್ಟುದು ೧೯೩೮ರಲ್ಲಿ. ಮತದ ಹಕ್ಕು ದೊರೆತುದು ೧೯೪೪ರಲ್ಲಿ; ಅವರು ಮೊದಲು ಮತಕೊಟ್ಟುದು ೧೯೪೫ರ ಏಪ್ರಿಲ್ ೨೯ರಂದು. ಮಳೆಯಲ್ಲಿ ನೆನೆದು ವರ್ಸೇಲ್ಸಿಗೆ ನಡೆದ ದಿನದಿಂದ ಅಂದಿಗೆ ನೂರೈವತ್ತೈದು ವರುಷಗಳು ಮೀರಿದ್ದುವು. ಗುರುತಿಸತಕ್ಕದ್ದೇನಂದರೆ, ಶಾಲೆಯು ಮೊದಲು ಬಂದಿತು, ಮತವು ಆಮೇಲೆ ಬಂದಿತು.

ನಮ್ಮ ದೇಶದಲ್ಲಿ ೧೯೫೦ರ ಜನವರಿ ೨೬ರಂದು ಜಾ಼ರಿಗೆ ಬಂದ ಸಂವಿಧಾನವು ಸ್ತ್ರೀಪುರುಷರಿಗೆ ಒಂದೇ ದಿನ ಒಂದೇ ಬಗೆಯ ಮತವನ್ನು ಕೊಟ್ಟಿತು. ಅದನ್ನು ರಚಿಸಿದ ಸಭೆಯಲ್ಲಿ ಹದಿನೈದು ಮಂದಿ ಸ್ತ್ರೀಯರಿದ್ದರು. ಬಾಗಿಲು ತೆರೆದಿದ್ದ ಗಳಿಗೆಯಲ್ಲಿ ಅವರು ಹೊರಗೆ ಸಾಲಿನಲ್ಲಿ ನಿಂತಿರಲಿಲ್ಲ, ಒಳಗೆ ಕುಳಿತು ಓದುತ್ತಲೂ ತಿದ್ದುತ್ತಲೂ ಇದ್ದರು. ಅವರಿಗೆ ಅಕ್ಷರವನ್ನು ಕಲಿಸಿದ ಯಾವುದೋ ಮನೆ, ಯಾವುದೋ ಶಾಲೆ ಇದ್ದೇ ಇರಬೇಕಷ್ಟೆ.

ಆದಕಾರಣ, ಹೆಣ್ಣುಮಗಳಿಗೆ ಚರಿತ್ರೆಯಿಂದೇನು ಪ್ರಯೋಜನವೆಂದು ಕೇಳುವ ತಂದೆತಾಯಿಗಳಿಗೆ ನಾವು ಕೊಡಬಹುದಾದ ಉತ್ತರವು ಇಷ್ಟೇ. ಕಾಲವು ತಿರುಗುವುದನ್ನು ಯಾರೂ ತಡೆಯಲಾರರು. ತಿರುಗುವಾಗ ಬರೆಯಲ್ಪಡುವ ಕಾಗದದಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಓದಿ ತಿಳಿದು, ಇಲ್ಲದುದನ್ನು ಸಕಾಲದಲ್ಲಿ ಕೇಳುವ ಶಕ್ತಿಯು ಅವಳಿಗಿರಬೇಕು. ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳಿಗೆ ಈ ತಾರೀಖುಗಳನ್ನು ಮತ್ತೊಮ್ಮೆ ಓದಿಸುವಾಗ, ೧೭೮೯ರ ಪಕ್ಕದಲ್ಲಿ ೧೯೪೪ನ್ನೂ ಬರೆಯಿಸುವುದು ಒಳ್ಳೆಯದು.